ದ್ವಿತೀಯ ಪಿಯುಸಿ, ಸಂಜೆ ಝೆರಾಕ್ಸ್ ಅಂಗಡಿ ಕೆಲಸ: ಬಿಡಲೋ, ಪರೀಕ್ಷೆವರೆಗೆ ಎಳೆಯಲೋ?

ಹುಲೇಕಲ್ ದಾರಿ
ಎಲ್ಲರಿಗೂ ನಮಸ್ಕಾರ. ವಯಸ್ಸು 17, ಮೇ ತಿಂಗಳಲ್ಲಿ 18 ತುಂಬುತ್ತದೆ. ಶಿರಸಿಯಲ್ಲಿ ದ್ವಿತೀಯ ಪಿಯುಸಿ ಸೈನ್ಸ್, ಮುಂದೆ ಎಂಜಿನಿಯರಿಂಗ್ ಮಾಡುವ ಆಸೆ. ಜೂನ್‌ನಿಂದ ಪೇಟೆಯ ಒಂದು ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೆಲಸ. ಸೋಮವಾರದಿಂದ ಶನಿವಾರ ಸಂಜೆ 4:30 ರಿಂದ 8:45. ಭಾನುವಾರ 9 ರಿಂದ 6, ಮಧ್ಯ ಊಟಕ್ಕೆ ಒಂದು ತಾಸು. ಪಗಾರ 5500. ಫೋನಿಗೆಂದು 9000 ಉಚಲಿ (ಮುಂಗಡ) ತಗೊಂಡಿದ್ದೆ, ತಿಂಗಳಿಗೆ 1000 ಕಡಿದು ಈಗ 3000 ಬಾಕಿ. ಮನೆಗೆ 3000 ಕೊಡ್ತೇನೆ. ಅಪ್ಪ ಗೌಂಡಿ ಕೆಲಸ, ಅಮ್ಮ ಕೂಲಿ.

ಪರೀಕ್ಷೆ ಫೆಬ್ರವರಿ ಕೊನೆಗೆ. ಈ ಸಲ ಮಾರಿಕಾಂಬೆ ಜಾತ್ರೆಯೂ ಅದೇ ಹೊತ್ತಿಗೆ. ಜಾತ್ರೆ ಮುಗಿಯುವವರೆಗಾದರೂ ಇರು ಅಂತಿದ್ದಾರೆ ಮಾಲಕರು. ನಡುನಡುವೆ ಅಂಗಡಿಯ ಸ್ಕೂಟರ್ ಕೊಟ್ಟು ಪ್ರಿಂಟ್ ತಲುಪಿಸಲಿಕ್ಕೂ ಕಳಿಸ್ತಾರೆ. ಮಾಲಕರು ಕೆಟ್ಟವರಲ್ಲ, ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ), ಫೋಟೋಶಾಪ್ ಎಲ್ಲ ಕಲಿಸಿದ್ದೇ ಅವರು. ಹಂಗಾಗಿ ಬಿಡ್ತೇನೆ ಅನ್ನಲಿಕ್ಕೂ ಬಾಯಿ ಬರ್ತಾ ಇಲ್ಲ. ಎಂತ ಮಾಡ್ಲಿ?

ಲೆಕ್ಕದ ಪುಸ್ತಕ (ಕುಮಟಾ)
ತಮ್ಮಾ, ಬಿಡುವುದೋ ಇರುವುದೋ ಅಂತ ಯೋಚಿಸುವ ಮೊದಲು ನಿನ್ನ ತಾಸಿನ ಬೆಲೆ ಎಷ್ಟು ಬೀಳ್ತಾ ಇದೆ ನೋಡು.

ಆರು ದಿನ ನಾಲ್ಕೂಕಾಲು ತಾಸು, ಅಂದರೆ 25.5. ಭಾನುವಾರ 8. ವಾರಕ್ಕೆ 33.5 ತಾಸು. ವರ್ಷದ 52 ವಾರವನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 4.33 ವಾರ, ಹಾಗಾಗಿ ತಿಂಗಳಿಗೆ ಸುಮಾರು 145 ತಾಸು. 5500 ನ್ನು 145 ರಿಂದ ಭಾಗಿಸಿದರೆ ತಾಸಿಗೆ 38 ರೂಪಾಯಿ ಹತ್ತಿರ. ಇದು ಕಾಗದದ ಮೇಲಿನ ಲೆಕ್ಕ. ಸಂಜೆ ಚಾ, ಅವಲಕ್ಕಿ ಅಂತ ದಿನಕ್ಕೆ 25 ಖರ್ಚಾದರೆ ತಿಂಗಳಿಗೆ 750 ಹೋಯಿತು. ಬಾಗಿಲು ಹಾಕಿದ ಮೇಲೆ ಬಸ್ಸಿಗೆ ಅರ್ಧ ತಾಸು ಕಾಯುವುದಾದರೆ 26 ದಿನಕ್ಕೆ ಇನ್ನೂ 13 ತಾಸು. ಈಗ 4750 ನ್ನು 158 ರಿಂದ ಭಾಗಿಸು. ತಾಸಿಗೆ 30 ರೂಪಾಯಿ.

ಚಾ ಖರ್ಚು, ಬಸ್ಸಿನ ಹೊತ್ತು ನನ್ನ ಅಂದಾಜು. ನಿನ್ನ ನಿಜವಾದ ಅಂಕಿ ಹಾಕಿ ನೋಡು, ಅದನ್ನು ಮನೆಯಲ್ಲಿ ಕುಳಿತು ಅಪ್ಪ ಅಮ್ಮನ ಎದುರಿಗೆ ಬರೆ. "ತಿಂಗಳಿಗೆ 5500" ಎಂದು ಕೇಳಿದಾಗ ಅನಿಸುವುದೇ ಬೇರೆ, "ತಾಸಿಗೆ 30" ಎಂದಾಗ ಅನಿಸುವುದೇ ಬೇರೆ.

ಕಾಳಿ ಸಂಗಮ (ಕಾರವಾರ)
ಇಲ್ಲಿ ಕಾನೂನಿನ ಮಾತೂ ಬರಬೇಕು, ಯಾಕಂದರೆ ನಿನ್ನ ಕೆಲಸದ ವೇಳೆಯೇ ತಪ್ಪಿದೆ.

ಬಾಲಕಾರ್ಮಿಕ ಮತ್ತು ಕಿಶೋರ ಕಾರ್ಮಿಕ ಕಾಯ್ದೆ 1986 ರದ್ದು, 2016 ರಲ್ಲಿ ತಿದ್ದುಪಡಿ ಆಯಿತು. 14 ತುಂಬಿ 18 ತುಂಬದವರು "ಕಿಶೋರ". ಅಪಾಯಕಾರಿ ಅಲ್ಲದ ಕೆಲಸಕ್ಕೆ ಇವರನ್ನು ಇಟ್ಟುಕೊಳ್ಳಬಹುದು, ಝೆರಾಕ್ಸ್ ಅಂಗಡಿಗೆ ಅಡ್ಡಿಯಿಲ್ಲ. ಆದರೆ 7 ನೇ ಕಲಂ ಹೇಳುವುದು ಹೀಗೆ: ಸತತ ಮೂರು ತಾಸು ದುಡಿಸಿದ ಮೇಲೆ ಕನಿಷ್ಠ ಒಂದು ತಾಸು ಬಿಡುವು ಕೊಡಬೇಕು. ಬಿಡುವು ಮತ್ತು ಕೆಲಸಕ್ಕಾಗಿ ಕಾಯುವ ಹೊತ್ತು ಸೇರಿಸಿಯೂ ದಿನಕ್ಕೆ ಆರು ತಾಸು ಮೀರಬಾರದು. ಸಂಜೆ 7 ರಿಂದ ಬೆಳಿಗ್ಗೆ 8 ರವರೆಗೆ ಕೆಲಸವೇ ಇಲ್ಲ. ಓವರ್‌ಟೈಮ್ ಇಲ್ಲ. ಒಂದೇ ದಿನ ಎರಡು ಕಡೆ ದುಡಿಸುವಂತಿಲ್ಲ. 8 ನೇ ಕಲಂ ಪ್ರಕಾರ ವಾರಕ್ಕೆ ಒಂದು ಪೂರ್ತಿ ರಜೆ.

ನಿನ್ನದು ಏಳೂ ದಿನ. ಸಂಜೆ ಬಿಡುವಿಲ್ಲದೆ ನಾಲ್ಕೂಕಾಲು ತಾಸು, ಅದೂ 8:45 ರ ತನಕ. ಭಾನುವಾರ ಒಂಬತ್ತು ತಾಸಿನ ಹರವು. ನಾಲ್ಕೂ ಕಡೆ ನಿಯಮ ಮುರಿದಿದೆ. ಇದನ್ನು ಮಾಲಕರ ಮೇಲೆ ಏರಿ ಹೋಗಲಿಕ್ಕೆ ಹೇಳ್ತಾ ಇಲ್ಲ. "ಜಾತ್ರೆವರೆಗೆ ಇರು" ಅನ್ನುವ ಮಾತಿಗೆ ಒಪ್ಪಿದರೆ ಎಷ್ಟು ತಾಸಿಗೆ ಒಪ್ಪಿದ ಹಾಗಾಗುತ್ತದೆ ಅನ್ನುವುದು ನಿನಗೆ ಗೊತ್ತಿರಲಿ.

ಅಂಗಡಿ ಬಾಗಿಲು (ಶಿರಸಿ)
ಕಾಳಿ ಸಂಗಮ ಅವರೇ, ನೀವು ಹೇಳಿದ್ದು ಸರಿ. ಆದರೆ ಹುಡುಗ ಹೋಗಿ 7 ನೇ ಕಲಂ ಓದಿ ಹೇಳಿದರೆ ಬಹಳಷ್ಟು ಅಂಗಡಿಗಳಲ್ಲಿ ಉತ್ತರ ಒಂದೇ: "ಹಾಗಾದರೆ ನಾಳೆಯಿಂದ ಬರಬೇಡ." ಮನೆಗೆ 3000 ಕೊಡುವವನಿಗೆ ಅದು ಪೆಟ್ಟು. ಅದರ ಬದಲು ಕಾನೂನಿಗೆ ಕೂರುವ ವೇಳಾಪಟ್ಟಿಯನ್ನೇ ಅಂಗಡಿಗೆ ಅನುಕೂಲ ಕಾಣುವ ಹಾಗೆ ಮುಂದಿಡಬೇಕು.

ಝೆರಾಕ್ಸ್ ಅಂಗಡಿಯ ಹೊರೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಕಾಲೇಜು, ಕಚೇರಿ ಬಿಡುವ 4:30 ರಿಂದ 6:30 ರ ಒಳಗೆ ಜನ ತುಂಬುತ್ತಾರೆ. ಮಂಗಳವಾರ ಸಂತೆ ದಿನ ಹಳ್ಳಿಯವರು ಪಹಣಿ, ಆಧಾರ್ ಪ್ರತಿ ಅಂತ ಬೆಳಿಗ್ಗೆಯಿಂದಲೇ. ಏಳರ ಮೇಲೆ ಉಳಿಯುವುದು ಟೈಪಿಂಗ್, ಪುಸ್ತಕ ಬೈಂಡಿಂಗ್, ಮರುದಿನಕ್ಕೆ ಕಾಗದ ತುಂಬಿಡುವುದು. ಈ ಕೆಲಸಕ್ಕೆ ಹುಡುಗನೇ ಬೇಕೆಂದಿಲ್ಲ. ಹಾಗಾಗಿ "4:30 ರಿಂದ 7, ಭಾನುವಾರ ರಜೆ" ಅಂತ ಕೇಳಿದರೆ ಮಾಲಕರಿಗೆ ಜನ ಇರುವ ಹೊತ್ತು ಸಿಕ್ಕೇ ಸಿಗುತ್ತದೆ.

ಲೆಕ್ಕದ ಪುಸ್ತಕ (ಕುಮಟಾ)
ಅದಕ್ಕೂ ಲೆಕ್ಕ ಹಾಕುವಾ. ಸೋಮವಾರದಿಂದ ಶನಿವಾರ ಎರಡೂವರೆ ತಾಸು ಅಂದರೆ ವಾರಕ್ಕೆ 15, ತಿಂಗಳಿಗೆ 65. ಈಗಿನದೇ ದರ ಹಿಡಿದರೆ 2460 ಆಸುಪಾಸು. ಶನಿವಾರ ಬಿಟ್ಟು ಭಾನುವಾರ 9 ರಿಂದ 12, 1 ರಿಂದ 3 ಅಂತ ಮಾಡಿದರೆ ವಾರಕ್ಕೆ 17.5, ತಿಂಗಳಿಗೆ 2870 ಹತ್ತಿರ. ಮನೆಗೆ ಕೊಡುವ 3000 ಎರಡರಲ್ಲೂ ಪೂರ್ತಿ ಹುಟ್ಟುವುದಿಲ್ಲ, ಆದರೆ ಎರಡನೆಯದರಲ್ಲಿ ಸುಮಾರಾಗಿ ಹತ್ತಿರ ಬರುತ್ತದೆ. ಉಚಲಿ ಕಡಿತ ನಡೆದಿರುವಾಗ ಮಾತ್ರ ಕೈಗೆ 1870.

ಬೈತಖೋಲ
ಪಗಾರ, ಪರೀಕ್ಷೆ ಎಲ್ಲ ಆಮೇಲೆ. ಸ್ಕೂಟರ್ ನಾಳೆಯಿಂದಲೇ ಬಂದ್ ಮಾಡು ಮಾರಾಯಾ.

16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಒಳಗಿನ ಬೈಕ್ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಪೇಟೆಯಲ್ಲಿ ಓಡುವ ಸ್ಕೂಟರ್‌ಗಳು ಹೆಚ್ಚಾಗಿ 100 ಸಿಸಿ ಮೇಲಿನವು, ಅವಕ್ಕೆ 18 ಆಗಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019 ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತರು ಓಡಿಸುವಾಗ ತಪ್ಪು ನಡೆದರೆ ಪೋಷಕರು ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಯಾರಿಗಾದರೂ ತಾಗಿದರೆ ವಿಮಾ ಕಂಪನಿ ಪರಿಹಾರದ ಹಣವನ್ನು ಗಾಡಿ ಮಾಲಕರಿಂದ ತಿರುಗಿ ವಸೂಲು ಮಾಡಬಹುದು.

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಲೈಸೆನ್ಸ್ ಇಲ್ಲದೆ ಇರಬೇಕಾಗುತ್ತದೆ. ಮಾಲಕರಿಗೂ ಇದೇ ಮಾತು ಹೇಳು, "ನಿಮ್ಮ ಗಾಡಿಯ ನೋಂದಣಿ ಹೋಗುತ್ತದೆ" ಅಂತ. ನಿನ್ನ ಹೆದರಿಕೆಗಿಂತ ಅವರ ಗಾಡಿಯ ಮಾತು ಬೇಗ ನಾಟುತ್ತದೆ. ನಡೆದು ತಲುಪಿಸುವಷ್ಟು ಹತ್ತಿರ ಇದ್ದರೆ ನಡೆದು ಹೋಗು.

ಸೀಮೆಸುಣ್ಣ (ಶಿರಸಿ)
ಪಿಯು ಪಾಠ ಮಾಡುವವರ ಕಡೆಯಿಂದ ಒಂದಿಷ್ಟು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಡಿಸೆಂಬರ್ 31 ಕ್ಕೆ ಬಿಡು.

ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಬರವಣಿಗೆಗೆ 70, ಪ್ರಾಯೋಗಿಕಕ್ಕೆ 30. ಗಣಿತ, ಭಾಷೆಗಳಲ್ಲಿ 80 ಮತ್ತು ಆಂತರಿಕ 20. ಈ 30 ಮತ್ತು 20 ಕ್ಕೆ ಬೇಕಾದದ್ದು ಜಾಣತನಕ್ಕಿಂತ ಹಾಜರಿ ಮತ್ತು ಪೂರ್ತಿಯಾದ ರೆಕಾರ್ಡ್. ಸಂಜೆ ಕೆಲಸದ ಹುಡುಗರು ಸೋಲುವುದು ಇಲ್ಲೇ. ಲ್ಯಾಬ್ ಮಧ್ಯಾಹ್ನದ ಮೇಲೆ ಇರುತ್ತದೆ, 4:30 ಕ್ಕೆ ಅಂಗಡಿ ಮುಟ್ಟಬೇಕೆಂದು ಕೊನೆಯ ಅರ್ಧ ತಾಸು ಬಿಟ್ಟು ಓಡುತ್ತಾರೆ, ಗ್ರಾಫ್ ಮತ್ತು ಲೆಕ್ಕ ಬಾಕಿ ಉಳಿಯುತ್ತದೆ, ಸಹಿ ಬೀಳುವುದಿಲ್ಲ. ನಾಳೆಯೇ ನಿನ್ನ ರೆಕಾರ್ಡ್ ಪುಸ್ತಕ ತೆರೆದು ಸಹಿ ಇಲ್ಲದ ಪ್ರಯೋಗಗಳು ಎಷ್ಟು ಎಣಿಸು. ಹಾಜರಿ 75 ಪ್ರತಿಶತ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಅದನ್ನೂ ವಿಷಯವಾರು ಕೇಳಿ ಬರೆದುಕೋ.

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಇನ್ನರ್ಧ. "ಬೋರ್ಡ್‌ನಲ್ಲಿ ಪಾಸಾದರೆ ಸಾಕು, ಸಿಇಟಿಗೆ ಆಮೇಲೆ ಓದ್ತೇನೆ" ಅನ್ನುವುದು ಈ ಕಾರಣಕ್ಕೆ ಪೆಟ್ಟು ಕೊಡುತ್ತದೆ. ಪರೀಕ್ಷೆ 1, 2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಈಗ ಇವೆ ನಿಜ. ಆದರೆ ಎರಡನೆಯದಕ್ಕೆ ಓದುವ ಹೊತ್ತಿಗೇ ಸಿಇಟಿ ಬಂದು ಕೂತಿರುತ್ತದೆ.

ಜನವರಿ 1 ರಿಂದ ಫೆಬ್ರವರಿ ಕೊನೆಗೆ ಎಂಟು ವಾರ. ವಾರಕ್ಕೆ 33.5 ರಂತೆ 268 ತಾಸು ನಿನಗೆ ತಿರುಗಿ ಸಿಗುತ್ತದೆ. ತಾಸಿನ ಸಂಖ್ಯೆಗಿಂತ ಅದು ಯಾವ ಹೊತ್ತು ಅನ್ನುವುದು ಮುಖ್ಯ: ಸಂಜೆ 5 ರಿಂದ 8, ತಲೆ ಇನ್ನೂ ಓಡುವ ಹೊತ್ತು. ಈಗ ನೀನು ಪುಸ್ತಕ ತೆರೆಯುವುದು ರಾತ್ರಿ ಹತ್ತೂವರೆಗೆ, ಅಷ್ಟೊತ್ತಿಗೆ ಇಂಟಿಗ್ರೇಶನ್ ಲೆಕ್ಕ ಮೂರನೇ ಸಾಲಿನಲ್ಲಿ ಚಿಹ್ನೆ ತಪ್ಪುತ್ತದೆ.

ಹುಲೇಕಲ್ ದಾರಿ
ಎಲ್ಲರಿಗೂ ಧನ್ಯವಾದ. ರೆಕಾರ್ಡ್ ನೋಡಿದೆ. ಕೆಮಿಸ್ಟ್ರಿಯಲ್ಲಿ 4, ಫಿಸಿಕ್ಸ್‌ನಲ್ಲಿ 5 ಬಾಕಿ. ಸ್ಕೂಟರ್ ಇನ್ನು ಮುಟ್ಟುವುದಿಲ್ಲ.

ಬಿಡುವ ಕಡೆಗೇ ಮನಸ್ಸು ವಾಲಿದೆ, ಆದರೆ ಮೂರು ಸಿಕ್ಕು. ಒಂದು, ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ ಅಂಗಡಿಯಲ್ಲಿದೆ, ಸೇರುವಾಗ ಇಟ್ಟುಕೊಂಡಿದ್ದರು. ಎರಡು, ಒಂದು ವರ್ಷ ಬಿಡುವುದಿಲ್ಲ, ಬಿಟ್ಟರೆ ಒಂದು ತಿಂಗಳ ಪಗಾರ ಬಿಟ್ಟುಕೊಡ್ತೇನೆ ಅಂತ 100 ರೂಪಾಯಿ ಬಾಂಡ್ ಪೇಪರ್ ಮೇಲೆ ಸಹಿ ಮಾಡಿದ್ದೇನೆ. ಮೂರು, ಅಂಗಡಿಯ ಕ್ಯೂಆರ್ ಕೈಕೊಟ್ಟಾಗ ಗಿರಾಕಿಗಳು ನನ್ನ ನಂಬರಿಗೆ ದುಡ್ಡು ಹಾಕಿದ್ದಾರೆ. ಸಂಜೆ ಅದನ್ನು ಮಾಲಕರಿಗೆ ಕಳಿಸ್ತಿದ್ದೆ, ಕೆಲವು ಸಲ ಗಲ್ಲಾಕ್ಕೆ ನಗದು ಹಾಕಿದ್ದೆ. ಬರೆದಿಟ್ಟಿಲ್ಲ.

ಕಾಳಿ ಸಂಗಮ (ಕಾರವಾರ)
ಬಾಂಡ್ ಪೇಪರಿಗೆ ಹೆದರಬೇಡ. ಭಾರತೀಯ ಕರಾರು ಕಾಯ್ದೆ 1872 ರ 11 ನೇ ಕಲಂ ಪ್ರಕಾರ 18 ತುಂಬದವನಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. 1903 ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯ) ಮೊಹರಿ ಬೀಬಿ ಪ್ರಕರಣದಲ್ಲಿ ಅಂಥ ಕರಾರು ಮೊದಲಿನಿಂದಲೇ ಶೂನ್ಯ ಎಂದಿತು, ಇವತ್ತಿಗೂ ಅದೇ ನಿಂತಿದೆ. ಛಾಪಾ ಕಾಗದ 100 ರದ್ದಾದರೂ 500 ರದ್ದಾದರೂ ವ್ಯತ್ಯಾಸ ಇಲ್ಲ. 18 ತುಂಬಿದ ಮೇಲೆ ಅದೇ ಕಾಗದಕ್ಕೆ ಮತ್ತೆ ಸಹಿ ಹಾಕು ಅಂದರೆ ಮಾತ್ರ ಹಾಕಬೇಡ.

ಪಗಾರದ ವಿಷಯ: ವೇತನ ಸಂಹಿತೆ 2019, ನವೆಂಬರ್ 21, 2025 ರಿಂದ ಜಾರಿಯಲ್ಲಿದೆ. ಕೆಲಸದಿಂದ ತೆಗೆದರೂ ನೀನಾಗಿ ಬಿಟ್ಟರೂ ಬರಬೇಕಾದ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು. ಎಲ್ಲ ಕಡಿತ ಸೇರಿ ಆ ಅವಧಿಯ ಪಗಾರದ ಅರ್ಧ ಮೀರಬಾರದು. ನಿನ್ನ ಉಚಲಿ ಬಾಕಿ 3000, ಡಿಸೆಂಬರ್ ಪಗಾರ 5500, ಅರ್ಧ ಅಂದರೆ 2750. ಪಗಾರದಲ್ಲಿ 2750 ಕಡಿಸಿ, ಉಳಿದ 250 ಕೈಯಿಂದ ಕೊಟ್ಟುಬಿಡು. ಕರಾರು ಶೂನ್ಯ ಅಂತ ಉಚಲಿ ಮುಳುಗಿಸಲಿಕ್ಕೆ ಹೋಗಬೇಡ, ತಗೊಂಡ ದುಡ್ಡು ತೀರಿಸಿದವನ ಮಾತಿಗೇ ತೂಕ. ಮಷಿನ್ ಹಾಳಾಯಿತು, ಕಾಗದ ವ್ಯರ್ಥವಾಯಿತು ಅಂತ ಕಡಿಯುವುದಾದರೆ ಮೊದಲು ನಿನ್ನ ವಿವರಣೆ ಕೇಳಬೇಕು.

ಪಗಾರ ಹಿಡಿದಿಟ್ಟರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಬಿಳಿ ಹಾಳೆಯ ಮೇಲೆ ಅರ್ಜಿ, ಜೊತೆಗೆ ಅಪ್ಪ ಅಥವಾ ಅಮ್ಮ. ಹಕ್ಕು ಕೇಳಲಿಕ್ಕೆ ಮೂರು ವರ್ಷ ಅವಧಿ ಇದೆ. ಹೊಡೆತ, ಕೆಟ್ಟ ವರ್ತನೆ, ಬಾಗಿಲು ಹಾಕಿ ಕೂರಿಸುವುದು ಇಂಥದ್ದೇನಾದರೂ ಇದ್ದರೆ ಈ ಯಾವ ಲೆಕ್ಕವೂ ಬೇಡ: ಆ ದಿನವೇ ಹೊರಗೆ ಬಂದು ಮಕ್ಕಳ ಸಹಾಯವಾಣಿ 1098 ಕ್ಕೆ ಫೋನ್. ನಿನ್ನದು ಹಾಗಿಲ್ಲ ಅನಿಸುತ್ತದೆ, ಇದನ್ನು ಓದುವ ಬೇರೆ ಮಕ್ಕಳಿಗಾಗಿ ಬರೆದೆ.

ಸೀಮೆಸುಣ್ಣ (ಶಿರಸಿ)
ಅಂಕಪಟ್ಟಿ ಮೊದಲು ಕೈಗೆ ತಗೋ, ಬಿಡುವ ಮಾತು ಆಮೇಲೆ. ಸುಳ್ಳು ನೆಪ ಬೇಡ, ನಿಜವಾದ ಕಾರಣವೇ ಇದೆ: ಸಿಇಟಿ ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ವಿವರ ಬೇಕು, ದಾಖಲೆ ಪರಿಶೀಲನೆಗೆ ಮೂಲ ಪ್ರತಿ ಬೇಕು. "ಸರ್, ಅಂಕಪಟ್ಟಿ ಕಾಲೇಜಿಗೆ ಬೇಕು" ಅಂತ ಬೆಳಿಗ್ಗೆ, ಗಿರಾಕಿ ಕಡಿಮೆ ಇರುವಾಗ ಕೇಳು. ಸಿಕ್ಕಿದ ಕೂಡಲೇ ಅದೇ ಅಂಗಡಿಯ ಮಷಿನ್‌ನಲ್ಲಿ 300 ಡಿಪಿಐ ಬಣ್ಣದ ಸ್ಕ್ಯಾನ್ ಮಾಡಿಟ್ಟುಕೋ. ಲ್ಯಾಮಿನೇಶನ್ ಮಾತ್ರ ಮಾಡಬೇಡ. ಬಿಸಿಗೆ ಅಕ್ಷರ ಎದ್ದುಬಂದರೆ ಅಥವಾ ಮುಂದೆ ಹಿಂಬದಿಗೆ ಮುದ್ರೆ ಹಾಕಬೇಕಾದರೆ ತೊಂದರೆ.

ಲೆಕ್ಕದ ಪುಸ್ತಕ (ಕುಮಟಾ)
ಯುಪಿಐ ಸಿಕ್ಕು ಮೂರರಲ್ಲಿ ದೊಡ್ಡದು, ಯಾಕಂದರೆ ಬಿಟ್ಟು ಆರು ತಿಂಗಳಾದ ಮೇಲೆ "ಹುಡುಗ ದುಡ್ಡು ಹಾಕಿಕೊಂಡ" ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಒಂದು ಭಾನುವಾರ ಮಧ್ಯಾಹ್ನ ಕುಳಿತು ಮುಗಿಸಿಬಿಡು.

ಆ್ಯಪ್‌ನ ಹಿಸ್ಟರಿ ನೋಡಿ ಬರೆಯಬೇಡ. ಬ್ಯಾಂಕಿನಿಂದಲೇ ಜೂನ್‌ನಿಂದ ಇವತ್ತಿನವರೆಗೆ ಸ್ಟೇಟ್‌ಮೆಂಟ್ ಪಿಡಿಎಫ್ ತೆಗೆ, ಪ್ರಿಂಟ್ ಹಾಕು. ಅಂಗಡಿಗೆಂದು ಬಂದ ಪ್ರತಿ ಸಾಲಿಗೆ ಹಸಿರು ಗೆರೆ, ಮಾಲಕರಿಗೆ ಕಳಿಸಿದ ಪ್ರತಿ ಸಾಲಿಗೆ ಕೆಂಪು. 10, 20, 46 ಇಂಥ ಚಿಲ್ಲರೆ ಮೊತ್ತಗಳು ಸಂಜೆ ಹೊತ್ತಿಗೆ ಬಂದಿದ್ದರೆ ಹೆಚ್ಚುಕಮ್ಮಿ ಅಂಗಡಿಯವೇ. ಹಸಿರಿನ ಒಟ್ಟು ಒಂದು ಕಡೆ, ಕೆಂಪಿನ ಒಟ್ಟು ಇನ್ನೊಂದು ಕಡೆ. ನಡುವಿನ ವ್ಯತ್ಯಾಸವೇ ನೀನು ಗಲ್ಲಾಕ್ಕೆ ಹಾಕಿದ ನಗದು. ಅದು ನಿನ್ನ ನೆನಪಿಗೆ ಹೊಂದುತ್ತದೆಯೇ ನೋಡು. ಹೊಂದದೆ 200, 300 ಹೆಚ್ಚು ಕಂಡರೆ ವಾದ ಮಾಡದೆ ಕೊಟ್ಟು, "ಯುಪಿಐ ಲೆಕ್ಕ ಈ ದಿನಕ್ಕೆ ಚುಕ್ತಾ" ಅಂತ ಸ್ಟೇಟ್‌ಮೆಂಟಿನ ಕೊನೆಯ ಹಾಳೆಯ ಮೇಲೇ ಬರೆಸಿ ಮಾಲಕರ ಸಹಿ ತಗೋ. ಇವತ್ತಿನಿಂದ ಒಬ್ಬ ಗಿರಾಕಿಯ ದುಡ್ಡೂ ನಿನ್ನ ನಂಬರಿಗೆ ಬರಬಾರದು. ಕ್ಯೂಆರ್ ಕೆಟ್ಟರೆ ನಗದು, ಇಲ್ಲವೇ ಮಾಲಕರ ನಂಬರ್ ಹೇಳು.

ತೋಟಪಟ್ಟಿ (ಸಿದ್ದಾಪುರ ಕಡೆ)
ಅಂಗಡಿ ಬಿಟ್ಟರೆ ಅಡಕೆ ಸೀಸನ್ ಇದೆಯಲ್ಲ. ಕೊನೆ (ಅಡಕೆ ಗೊಂಚಲು) ಕೊಯ್ಲು ನಡೆದಿದೆ, ಹಸಿ ಅಡಕೆ ಸುಲಿಯಲಿಕ್ಕೆ ಜನ ಸಿಗುವುದಿಲ್ಲ. ಸುಲಿದಷ್ಟಕ್ಕೆ ಕೂಲಿ, ಊರಲ್ಲೇ ಕೆಲಸ, ಬಸ್ಸಿಗೆ ಕಾಯುವುದು ಬೇಡ.

ಸೀಮೆಸುಣ್ಣ (ಶಿರಸಿ)
ತೋಟಪಟ್ಟಿಯವರೇ, ದಯವಿಟ್ಟು ಈ ಹುಡುಗನಿಗೆ ಅದು ಬೇಡ. ಹಸಿ ಅಡಕೆ ಸುಲಿಯುವುದು ಕೊಯ್ದ ದಿನ ರಾತ್ರಿಯೇ, ಮೆಟ್ಟುಗತ್ತಿಯ ಮುಂದೆ ಕುಕ್ಕರಗಾಲಲ್ಲಿ. ನಿದ್ದೆ ಬಂದ ಕಣ್ಣಲ್ಲಿ ಹೆಬ್ಬೆರಳಿಗೆ ಕತ್ತಿ ತಾಗಿದರೆ ಮೂರು ತಾಸಿನ ಉತ್ತರಪತ್ರಿಕೆ ಬರೆಯುವ ಕೈ ಅದೇ. ಅಂಗಡಿಯಿಂದ ಬಿಡಿಸಿಕೊಂಡ ತಾಸುಗಳೂ ಅಲ್ಲಿಗೇ ಹೋಗುತ್ತವೆ.

ತೋಟಪಟ್ಟಿ (ಸಿದ್ದಾಪುರ ಕಡೆ)
ಒಪ್ಪಿದೆ, ಪರೀಕ್ಷೆ ವರ್ಷ ಅನ್ನುವುದನ್ನು ಗಮನಕ್ಕೆ ತಗೊಳ್ಳಲಿಲ್ಲ. ಅವನ ಅಮ್ಮ ಹೇಗೂ ಕೂಲಿಗೆ ಹೋಗುವವರಾದರೆ ಈ ಎರಡು ತಿಂಗಳು ಸುಲಿಯುವ ಕೆಲಸದಲ್ಲಿ ದಿನಗೂಲಿಗಿಂತ ಹೆಚ್ಚು ಬೀಳಬಹುದು, ಕೈ ಎಷ್ಟು ಬಿರುಸು ಅನ್ನುವುದರ ಮೇಲೆ. ಕೇಳಿ ನೋಡಲಿ.

ಅಘನಾಶಿನಿ
ಮನೆಯ ಖೋತಾ ಎಷ್ಟು ಅಂತ ಸರಿಯಾಗಿ ಹೇಳುವಾ. ಪಗಾರ 5500 ಹೋದರೂ ಅದರಲ್ಲಿ 1000 ಉಚಲಿಗೆ, 750 ಸಂಜೆಯ ತಿಂಡಿಗೆ ಹೋಗುತ್ತಿದ್ದದ್ದು. ಮನೆಗೆ ನಿಜವಾಗಿ ತಪ್ಪುವುದು ತಿಂಗಳಿಗೆ 3000. ಜನವರಿ, ಫೆಬ್ರವರಿ, ಮಾರ್ಚ್ ಮೂರು ತಿಂಗಳಿಗೆ 9000. ಇಷ್ಟಕ್ಕೆ ದಾರಿ ಹುಡುಕಬೇಕು.

ತಮ್ಮಾ, ದಿನಾ ಬೇರೆಯವರ ಮಕ್ಕಳಿಗೆ ಅರ್ಜಿ ತುಂಬಿ ಕೊಡುತ್ತೀಯಲ್ಲ, ನಿನ್ನದು ತುಂಬಿದ್ದೀಯೋ? ಅಪ್ಪ ಗೌಂಡಿ ಕೆಲಸದವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಮಕ್ಕಳಿಗೆ "ಕಲಿಕೆ ಭಾಗ್ಯ" ಶೈಕ್ಷಣಿಕ ಸಹಾಯ ಇದೆ. ಕಾರ್ಡಿನ ನವೀಕರಣ ತಪ್ಪಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ, ಮೊದಲು ಅದರ ದಿನಾಂಕ ನೋಡು. ನವೀಕರಣಕ್ಕೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಎರಡೂ ಕಡೆಯಿಂದ ಸಿಗುತ್ತದೆ ಎಂದು ಲೆಕ್ಕ ಹಾಕಬೇಡ.

ಮಂಜೂರಾಗಿಯೂ ದುಡ್ಡು ಬಾರದೆ ಇರುವುದಕ್ಕೆ ಸಾಮಾನ್ಯ ಕಾರಣ ಖಾತೆಗೆ ಆಧಾರ್ ಜೋಡಣೆ. ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ ಅನ್ನುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಸರಕಾರದ ದುಡ್ಡು ಆಧಾರ್ ಮೂಲಕ ಆ ಖಾತೆಗೇ ಬೀಳುವ ಹಾಗೆ ಮಾಡುವ ಜೋಡಣೆ) ಆಗಿರುವುದು ಬೇರೆ. ಬ್ಯಾಂಕಿನಲ್ಲಿ "ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಮ್ಯಾಪಿಂಗ್ ಆಗಿದೆಯೇ" ಅಂತಲೇ ಕೇಳು. ಇದು ಜನವರಿಯಲ್ಲೇ ಕೈಗೆ ಬರುವ ದುಡ್ಡಲ್ಲ, ಮನೆಯವರಿಗೂ ಹಾಗೆಂದೇ ಹೇಳು.

ಅಂಗಡಿ ಬಾಗಿಲು (ಶಿರಸಿ)
ಬಿಡುವುದೇ ಆದರೆ ಪೂರ್ತಿ ಬಿಡುವ ಬದಲು "ಜನವರಿಯಿಂದ ಮಾರ್ಚ್ ಇಲ್ಲ, ಸಿಇಟಿ ಮುಗಿದ ಮೇಲೆ ಬರುತ್ತೇನೆ" ಅಂತ ಹೇಳಿ ನೋಡು. ಇಂಥ ಅಂಗಡಿಗೆ ಜಾತ್ರೆಗಿಂತ ದೊಡ್ಡ ಸೀಸನ್ ಮೇ, ಜೂನ್, ಜುಲೈ: ಫಲಿತಾಂಶ, ಕಾಲೇಜು ಪ್ರವೇಶ, ಜಾತಿ ಆದಾಯ ಪತ್ರ, ಬಸ್ ಪಾಸ್. ಜಾತ್ರೆಯ ಒಂಬತ್ತು ದಿನ ಗದ್ದಲ ಹೆಚ್ಚು, ಝೆರಾಕ್ಸ್ ಕಡಿಮೆ. ಇದು ಮಾಲಕರಿಗೂ ಗೊತ್ತು. ಮೇನಲ್ಲಿ ನಿನಗೆ 18 ಆಗುತ್ತದೆ, ಆಗ ಕಿಶೋರರಿಗಿರುವ ವೇಳೆಯ ಕಟ್ಟೂ ಇರುವುದಿಲ್ಲ. ಜಾತ್ರೆಗೆ ಸಿಗದ ಹುಡುಗ ಪ್ರವೇಶದ ಹೊತ್ತಿಗೆ ಸಿಗುತ್ತಾನೆ ಅಂದರೆ ಒಪ್ಪುವ ಮಾಲಕರೇ ಹೆಚ್ಚು.

ಇನ್ನು ಕೆಲಸ ಒಪ್ಪಿಸುವುದು. ಡಿಟಿಪಿ ಅಂಗಡಿಯ ಹುಡುಗ ಬಿಟ್ಟಾಗ ಮಾಲಕರು ಪೇಚಾಡುವುದು ಕಾಗದ ಎಲ್ಲಿದೆ ಅಂತಲ್ಲ. ಅರ್ಜಿಗಳಲ್ಲಿ ಯಾರ ಮೊಬೈಲ್ ನಂಬರ್ ಹಾಕಿದೆ ಅಂತ. ಹಳ್ಳಿಯಿಂದ ಬಂದ ಅಜ್ಜಿಯ ಫೋನ್ ಮನೆಯಲ್ಲಿ ಉಳಿದಿರುತ್ತದೆ, ಒಟಿಪಿ ಬೇಕು, ಹುಡುಗ ತನ್ನ ನಂಬರ್ ಹಾಕಿ ಮುಗಿಸಿರುತ್ತಾನೆ. ಆಮೇಲೆ ಆ ಅರ್ಜಿಯ ಪ್ರತಿ ಸಂದೇಶ, ಪ್ರತಿ ಒಟಿಪಿ ಅವನಿಗೇ. ಬಿಟ್ಟ ಮೇಲೆ ಪರೀಕ್ಷೆಯ ಹಿಂದಿನ ರಾತ್ರಿ "ಒಟಿಪಿ ಬಂತಾ" ಅಂತ ಫೋನ್ ಬರುತ್ತದೆ. ಎಸ್ಸೆಮ್ಮೆಸ್ ಪೆಟ್ಟಿಗೆಯಲ್ಲಿ ಹುಡುಕಿ ಅಂಥ ಅರ್ಜಿಗಳ ಪಟ್ಟಿ ಮಾಡು: ಗಿರಾಕಿಯ ಹೆಸರು, ಅರ್ಜಿ ಸಂಖ್ಯೆ, ಯಾವ ಸೇವೆ. ನಂಬರ್ ಬದಲಿಸಲು ಬರುವ ಕಡೆ ಬಿಡುವ ಮೊದಲೇ ಗಿರಾಕಿಯ ನಂಬರಿಗೆ ಬದಲಿಸು, ಬಾರದ ಕಡೆ ಪಟ್ಟಿಯನ್ನು ಮಾಲಕರ ಕೈಗೆ ಕೊಡು.

ನಿನ್ನ ಫೋನಿನಲ್ಲಿ ಉಳಿದ ಗಿರಾಕಿಗಳ ಆಧಾರ್, ಪಾಸ್‌ಬುಕ್ ಫೋಟೋಗಳನ್ನು ಗ್ಯಾಲರಿಯಿಂದ ಅಳಿಸಿದರೆ ಸಾಲದು, ಟ್ರ್ಯಾಶ್ ಮತ್ತು ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರ್ ಕೂಡ ಖಾಲಿ ಮಾಡು. ಅಂಗಡಿಯ ಜಿಮೇಲ್‌ನಿಂದ ಲಾಗೌಟ್, ಲಿಂಕ್ಡ್ ಡಿವೈಸ್ ತೆಗೆ, ಆಮೇಲೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಮಾಲಕರಿಗೆ ನೀನೇ ಹೇಳು. ಹೊಸ ಹುಡುಗ ಬಂದರೆ ಹತ್ತು ಸಂಜೆ ಜೊತೆ ಕೂರಿಸಿಕೋ. ಎರಡೂ ಬದಿ ಪ್ರಿಂಟ್‌ನಲ್ಲಿ ಪುಟ ತಲೆಕೆಳಗಾಗುವುದು, ಪಾಸ್‌ಪೋರ್ಟ್ ಫೋಟೋ ಅಳತೆ, ಲ್ಯಾಮಿನೇಶನ್‌ಗೆ 125 ಮೈಕ್ರಾನ್ ಪೌಚ್ ಹಾಕುವಾಗ ಮುಚ್ಚಿದ ಅಂಚು ಮೊದಲು ಹೋಗಬೇಕು ಅನ್ನುವುದು, ಇಂಥವು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಹುಲೇಕಲ್ ದಾರಿ
ಅಂಕಪಟ್ಟಿ ನಿನ್ನೆ ಸಿಕ್ಕಿತು, ಕಾಲೇಜಿಗೆ ಬೇಕು ಅಂದಾಗ ಮಾತಿಲ್ಲದೆ ಕೊಟ್ಟರು. ಅಪ್ಪ ಅಮ್ಮನ ಎದುರು ತಾಸಿನ ಲೆಕ್ಕ ಬರೆದೆವು. ನನ್ನ ನಿಜವಾದ ಅಂಕಿ 31 ರೂಪಾಯಿ ಬಂತು. ಅಪ್ಪನ ಕಾರ್ಡಿನ ನವೀಕರಣ ತಪ್ಪಿದೆ, ಸೋಮವಾರ ಹೋಗ್ತಾರೆ. ಡಿಸೆಂಬರ್ 31 ಕೊನೆ ದಿನ ಅಂತ ಗಟ್ಟಿ ಮಾಡಿದೆ. ಪತ್ರ ಹೀಗೆ ಬರೆದಿದ್ದೇನೆ, ನೋಡಿ:

"ಮಾನ್ಯರೆ, ವೈಯಕ್ತಿಕ ಕಾರಣಗಳಿಂದ ನಾನು ನಿಮ್ಮ ಅಂಗಡಿಯ ಕೆಲಸ ಬಿಡುತ್ತಿದ್ದೇನೆ. ಇಷ್ಟು ದಿನ ಸಹಕರಿಸಿದ್ದಕ್ಕೆ ಧನ್ಯವಾದಗಳು."

ಲೆಕ್ಕದ ಪುಸ್ತಕ (ಕುಮಟಾ)
ಇದರಲ್ಲಿ ತಾರೀಕೂ ಇಲ್ಲ, ದುಡ್ಡೂ ಇಲ್ಲ. ಹೀಗೆ ಬರೆ:

"ಮಾನ್ಯರೆ, ನಾನು ಜೂನ್ ತಿಂಗಳಿನಿಂದ ನಿಮ್ಮಲ್ಲಿ ಸಂಜೆ ವೇಳೆಯ ಕೆಲಸದಲ್ಲಿದ್ದೇನೆ. ದ್ವಿತೀಯ ಪಿಯುಸಿ ಪರೀಕ್ಷೆ ಇರುವುದರಿಂದ ಡಿಸೆಂಬರ್ 31 ನನ್ನ ಕೊನೆಯ ದಿನ. ಅಲ್ಲಿಯವರೆಗೆ ಹೊಸಬರಿಗೆ ಕೆಲಸ ತೋರಿಸಿಕೊಡುತ್ತೇನೆ. ಡಿಸೆಂಬರ್ ಪಗಾರ 5500 ರಲ್ಲಿ ಉಚಲಿ ಬಾಕಿಗೆ 2750 ಕಡಿದುಕೊಂಡು 2750 ಕೊಡಬೇಕಾಗಿ ವಿನಂತಿ. ಉಚಲಿಯ ಉಳಿದ 250 ನಗದು ಕೊಡುತ್ತೇನೆ. ಯುಪಿಐ ಲೆಕ್ಕದ ಹಾಳೆ ಮತ್ತು ನನ್ನ ನಂಬರ್ ಹಾಕಿದ ಅರ್ಜಿಗಳ ಪಟ್ಟಿ ಲಗತ್ತಿಸಿದೆ. ಸಿಇಟಿ ನಂತರ ನಿಮಗೆ ಅಗತ್ಯವಿದ್ದರೆ ಬರಲು ಸಿದ್ಧನಿದ್ದೇನೆ."

ಕೆಳಗೆ ನಿನ್ನ ಸಹಿ, ಪಕ್ಕದಲ್ಲಿ ಪೋಷಕರೆಂದು ಅಪ್ಪನ ಸಹಿ. ಎರಡು ಪ್ರತಿ. ಒಂದರ ಮೇಲೆ "ಮುಟ್ಟಿದೆ" ಅಂತ ಮಾಲಕರ ಸಹಿ, ತಾರೀಕು ಹಾಕಿಸಿ ಮನೆಯಲ್ಲಿಡು.

ಅಂಗಡಿ ಬಾಗಿಲು (ಶಿರಸಿ)
ಪತ್ರವನ್ನು ಮಂಗಳವಾರ ಕೊಡಬೇಡ, ಸಂತೆ ಗದ್ದಲದಲ್ಲಿ ಯಾರಿಗೂ ಓದುವ ತಾಳ್ಮೆ ಇರುವುದಿಲ್ಲ. ಬುಧವಾರ ಬೆಳಿಗ್ಗೆ, ಬಾಗಿಲು ತೆಗೆದು ದೀಪ ಹಚ್ಚಿ ಆದ ಮೇಲೆ, ಅಪ್ಪನ ಜೊತೆ ಹೋಗು. ಮೊದಲು ಬಾಯಲ್ಲಿ ಹೇಳು, ಆಮೇಲೆ ಕಾಗದ ಕೊಡು. ಅನುಭವ ಪತ್ರವನ್ನು ಅವತ್ತು ಕೇಳಬೇಡ, 31 ರಂದು ಲೆಕ್ಕ ಚುಕ್ತಾ ಆದಾಗ ಕೇಳು. ನುಡಿ ಟೈಪಿಂಗ್, ಡಿಟಿಪಿ, ಆನ್‌ಲೈನ್ ಅರ್ಜಿ ಅಂತ ಕಲಿತದ್ದು ಮೂರೂ ಅದರಲ್ಲಿ ಇರಲಿ, ಅಂಗಡಿಯ ಸೀಲು ಸಹಿತ.

ಹುಲೇಕಲ್ ದಾರಿ
ಬುಧವಾರ ಅಪ್ಪನಿಗೆ ಕೆಲಸ ಇದೆ, ಗುರುವಾರ ಹೋಗ್ತೇವೆ. ಒಟಿಪಿ ಪಟ್ಟಿ ಶುರು ಮಾಡಿದೆ, ಸದ್ಯಕ್ಕೆ 23 ಅರ್ಜಿ ಸಿಕ್ಕಿವೆ.